ಕೆಂಪು ಗೆರಿ ಬಂತಂದ್ರ ನಮ್ಮ ಮಾತು ತಪ್ಪಲ್ಲ

ಹೋದ ವಾರ ಮಧ್ಯಾಹ್ನ ಊಟ ಮುಗಿಸಿ, ಕಟ್ಟಿ ಒರಸಿ, ಇನ್ನೇನು ಒಂದೀಟು ಅಡ್ಡಾಗಬೇಕು ಅನ್ನೋದ್ರಾಗ ವೈನಿ ಫೋನು ಬಂತು. "ಏ, ನಾ ಇನ್ನ ಬರಿಯೂದಿಲ್ಲ ನೋಡು. ಈ ವಯಸ್ಸಿನಾಗ ಹೊಸದಾಗಿ ಕನ್ನಡ ಕಲೀಲಿಕ್ಕೆ ನನ್ನ ಕೈಲೆ ಆಗಂಗಿಲ್ಲ" ಅಂದ್ರು. ನನಗ ಏನೂ ತಿಳೀಲಿಲ್ಲ. ಹುಟ್ಟಿದಾಗಿಂದ ಕನ್ನಡ ಮಾತಾಡಿದಾಕಿ, ಈಗ ಯಾವ ಕನ್ನಡ ಕಲೀಬೇಕು?

ವಿಷಯ ಏನಂದ್ರ, ನಮ್ಮವ್ವ ಹೋಗಿ ಎಂಟು ವರ್ಷ ಆತು. ಅವ್ವನ ಅಡಗಿ, ಹಬ್ಬದ ತಯಾರಿ, ಉಪ್ಪಿನಕಾಯಿ ಲೆಕ್ಕ ಎಲ್ಲಾ ಈಗ ವೈನಿ ತಲ್ಯಾಗ ಅಷ್ಟೇ ಉಳದದ. ಅವರೇ ಮೂವತ್ತು ವರ್ಷ ಅವ್ವನ ಬಾಜೂಕ ನಿಂತು ಮಾಡಿದವರು. ದಸರಾದಾಗ ಕೂಡಿದಾಗ ನಾನೇ ಗಂಟು ಬಿದ್ದು, "ಬರದಿಡ್ರಿ ವೈನಿ, ಇಲ್ಲಾಂದ್ರ ನಮ್ಮ ಹಿಂದ ಏನೂ ಉಳಿಯೂದಿಲ್ಲ" ಅಂದಿದ್ದೆ. ಅಣ್ಣನ ಮಗ ತನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟ. ಅದ್ರಾಗ ಲಿಬ್ರೆ ಆಫೀಸ್ ಹಾಕಿ, ಅಮ್ಮಗ ಅನುಕೂಲ ಆಗ್ಲಿ ಅಂತ ಕನ್ನಡದ ಸ್ಪೆಲಿಂಗ್ ನೋಡೋದನ್ನೂ ಜೋಡಿಸಿ ಹೋದ. ಅಲ್ಲೇ ಎಡವಟ್ಟಾತು.

ವೈನಿ ಬರದ ಶಬ್ದದ ಕೆಳಗೆಲ್ಲಾ ಕೆಂಪು ಗೆರಿ. ಅಡಗಿಮನಿ ಅಂದ್ರ ಗೆರಿ, ಹೋಳಗಿ ಅಂದ್ರ ಗೆರಿ, ಸಾಸಿವಿ ಅಂದ್ರೂ ಗೆರಿ. ಸಾಲಿಯೊಳಗ ಮಾಸ್ತರ ಕೆಂಪು ಶಾಯಿಲೆ ಗೀಟು ಹಾಕಿದ್ದು ನೋಡಿ ಬೆಳದವರು ನಾವು. ಗೆರಿ ಬಂತಂದ್ರ ತಪ್ಪು ನಮ್ಮದೇ ಅಂತ ಮೊದಲೇ ತಲಿ ತಗ್ಗಸ್ತೀವಿ. ವೈನಿನೂ ಹಂಗೇ ಮಾಡಿದ್ರು. ಒಂದೊಂದೇ ಶಬ್ದ ತಿದ್ದಿಕೋತ ಹೋದ್ರು. ಗೆರಿ ಹೋಗೂ ತನಕ ತಿದ್ದಿದ್ರು. ನಾಕು ಪಾನು ಆಗೋದ್ರಾಗ ಬ್ಯಾಸತ್ತು ಬಿಟ್ರು.

ಆ ನಾಕು ಪಾನು ನನಗ ಕಳಿಸಿದ್ರು. ಹೋಳಗಿ ಮಾಡೋದು ಓದಿದೆ. "ಕಣಕದ ಹಿಟ್ಟು ಮೃದುವಾಗಿರಬೇಕು" ಅಂತ ಇತ್ತು. ನನಗ ಎದಿಯಾಗ ಏನೋ ಆತು. ಅವ್ವ ಎಂದೂ ಹಂಗ ಅಂದಾಕಿ ಅಲ್ಲ. "ಕಣಕ ನಾದಿದ್ದು ಸಾಕಾತೋ ಇಲ್ಲೋ ಅಂತ ನನ್ನ ಕೇಳಬ್ಯಾಡ, ನಿನ್ನ ಕಿವಿ ಹಾಲಿ ಮುಟ್ಟಿ ನೋಡ್ಕೋ, ಹಂಗ ಆಗಬೇಕು" ಅಂತಿದ್ಲು. ವೈನಿ ಮೊದಲು ಅದನ್ನೇ ಬರದಿದ್ರಂತ. ಸಾಲಿಗೆ ಸಾಲೇ ಕೆಂಪಾತು, ಅದಕ್ಕ ತಗದ್ರಂತ. ಗೆರಿ ಹೋತು ಖರೆ, ಅದರ ಸಂಗಡ ಅವ್ವನೂ ಹೋದ್ಲು.

ಇವತ್ತು ನಾ ಹೇಳಬೇಕಂತ ಕುಂತಿದ್ದು ಇಷ್ಟೇ. ಕಂಪ್ಯೂಟರ್ ಕೊಟ್ಟಂಗ ಅದನ್ನ ಇಟ್ಕೋಬ್ಯಾಡ್ರಿ. ನಮ್ಮ ಕೈಗೆ, ನಮ್ಮ ಮಾತಿಗೆ ಹೊಂದೂ ಹಂಗ ಅದನ್ನ ಬದಲಿ ಮಾಡ್ಕೋಬೇಕು. ಬಾಡಿಗಿ ಮನಿಗೆ ಹೋದ್ರೂ ನಾವು ಮೊದಲ ದಿನ ಏನು ಮಾಡ್ತೀವಿ? ಉಪ್ಪಿನ ಡಬ್ಬಿ ಎಲ್ಲೆ, ಇಂಗು ಎಲ್ಲೆ, ಇಕ್ಕಳ ಯಾವ ಮೊಳಿಗೆ ಅಂತ ನಮ್ಮ ಕೈ ಅಳತಿಗೆ ಜೋಡಸ್ಕೋತೀವಿ. ಮಾಲಕರನ್ನ ಕೇಳ್ಕೋತ ಕೂಡಂಗಿಲ್ಲ. ಇದಕ್ಕಷ್ಟೇ ಯಾಕ ಅಂಜಬೇಕು?

ಮೊದಲು ಆ ಕೆಂಪು ಗೆರಿ ಅಂದ್ರೇನು ಅಂತ ಕೇಳ್ರಿ. ಕಂಪ್ಯೂಟರಿಗೆ ಕನ್ನಡ ತಿಳಿಯೂದಿಲ್ಲ. ಅದರ ಕಡೆ ಒಂದು ಶಬ್ದದ ಪಟ್ಟಿ ಇರ್ತದ. ನೀವು ಬರದದ್ದು ಆ ಪಟ್ಟಿಯೊಳಗ ಸಿಗಲಿಲ್ಲಂದ್ರ ಗೆರಿ ಎಳೀತದ, ಅಷ್ಟೇ. 1961ರಾಗ ಅಮೇರಿಕಾದ ಎಂ.ಐ.ಟಿ.ಯೊಳಗ ಲೆಸ್ ಅರ್ನೆಸ್ಟ್ ಅನ್ನೋರು ಕೈಬರಹ ಓದೋ ಪ್ರೋಗ್ರಾಮಿಗೆ 10,000 ಇಂಗ್ಲಿಷ್ ಶಬ್ದದ ಪಟ್ಟಿ ಜೋಡಿಸಿದ್ರು. 1971ರಾಗ ಸ್ಟ್ಯಾನ್‌ಫರ್ಡ್‌ನ್ಯಾಗ ರಾಲ್ಫ್ ಗೋರಿನ್ ಅನ್ನೋರು ಬರೇ ಸ್ಪೆಲಿಂಗ್ ನೋಡ್ಲಿಕ್ಕೇ ಒಂದು ಪ್ರೋಗ್ರಾಂ ಬರದ್ರು. ನಾವು ಬರಿಯೂ ಹೊತ್ತಿಗೇ ಕೆಳಗ ಡೊಂಕು ಗೆರಿ ಮೂಡೋದು ಮೈಕ್ರೋಸಾಫ್ಟ್ ವರ್ಡ್‌ನ್ಯಾಗ ಬಂದದ್ದು 1995ಕ್ಕ. ಎಲ್ಲಾದರ ಬುಡದಾಗ ಇರೋದು ಪಟ್ಟಿನೇ. ಇಂಗ್ಲಿಷಿನಾಗ ಒಂದು ಶಬ್ದಕ್ಕ ನಾಕೈದು ರೂಪ ಇದ್ರ ಹೆಚ್ಚು. ನಮ್ಮಲ್ಲೆ ಹಂಗಲ್ಲ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದಲೇ, ಮನೆಯವರಿಗೂ ಅಂತ ಬಾಲಕ್ಕ ಬಾಲ ಕೂಡಿಕೋತ ಹೋಗ್ತದ. ಅದಕ್ಕ ಪುಸ್ತಕದ ಕನ್ನಡ ಬರದವರಿಗೂ ಗೆರಿ ಬೀಳ್ತಾವ. ಇನ್ನ ನಮ್ಮ "ಮನ್ಯಾಗ" ಆ ಪಟ್ಟಿಯೊಳಗ ಎಲ್ಲಿಂದ ಬರಬೇಕು? ಪಟ್ಟಿ ಮಾಡಿದವರು ನಮ್ಮ ಅಡಗಿಮನಿಗೆ ಬಂದು ಚಹಾ ಕುಡದು ಹೋಗಿಲ್ಲ.

"ಇವೆಲ್ಲಾ ಗಂಡಸರ ಯಂತ್ರ, ನಮಗ ಯಾಕ" ಅಂತ ನಿಮ್ಮೊಳಗ ಭಾಳ ಮಂದಿ ಅಂತೀರಿ. ಈ ಮಾತಿಗೆ ನನಗ ಸಿಟ್ಟೇ ಬರ್ತದ. ನಾ ಪಿ.ಯು.ಸಿ. ಮುಗಿಸಿ, 1986ರಾಗ, ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದೆ. ನಮ್ಮ ಬ್ಯಾಚಿನಾಗ ಹುಡುಗ್ಯಾರೇ ಹೆಚ್ಚು. ಎ ಎಸ್ ಡಿ ಎಫ್ ಅಂತ ಬಡಕೋತ, ಕಿರುಬಟ್ಟು ನೋಯಸ್ಕೋತ ಜೂನಿಯರ್ ಪಾಸ್ ಮಾಡಿದೆ. ಕಾರ್ಬನ್ ಹಾಕಿ ಮೂರು ಪ್ರತಿ ಹೊಡಿಯೂ ಮುಂದ ಒಂದು ಅಕ್ಷರ ತಪ್ಪಿದ್ರ ಮೂರೂ ಹಾಳಿ ತಿದ್ದಬೇಕು, ಇಲ್ಲಾ ಮತ್ತ ಮೊದಲಿಂದ. ಆಮ್ಯಾಲೆ ಮದವಿ ಆತು, ಸರ್ಟಿಫಿಕೇಟು ಟ್ರಂಕಿನಾಗ ಹೋತು. ಮೂವತ್ತು ವರ್ಷ ಆದಮ್ಯಾಲೆ ಕೀಬೋರ್ಡ್ ಮ್ಯಾಲೆ ಕೈ ಇಟ್ಟಾಗ ಬಟ್ಟಿಗೆ ಎಲ್ಲಾ ನೆನಪಿತ್ತು. ಮಗಾ ಎರಡು ಬಟ್ಟಿಲೆ ಹುಡುಕ್ಕೋತ ಹೊಡೀತಾನ, ನಾ ನೋಡದನ ಹತ್ತೂ ಬಟ್ಟಿಲೆ ಹೊಡೀತೀನಿ. ಆದ್ರೂ "ಅಮ್ಮಾ, ನಿನಗ ತಿಳಿಯೂದಿಲ್ಲ ಬಿಡು" ಅನ್ನಾವ ಅವನೇ!

ಈ ಯಂತ್ರದ ಹಿಂದಿನ ಕಥಿ ಓದಿದ್ರ ನಿಮಗೂ ನಗು ಬರ್ತದ. ಅಮೇರಿಕಾದಾಗ ಷೋಲ್ಸ್ ಅನ್ನೋರ ಟೈಪ್‌ರೈಟರನ್ನ 1873ರಾಗ ತಯಾರಿಸ್ಲಿಕ್ಕೆ ಒಪ್ಪಿಕೊಂಡದ್ದು ರೆಮಿಂಗ್ಟನ್ ಕಂಪನಿ. ಅವರು ಬಂದೂಕಿನ ಸಂಗಡ ಹೊಲಿಗಿ ಮಷೀನೂ ಮಾಡ್ತಿದ್ರು. ಅದಕ್ಕ ಮೊದಲಿನ ಟೈಪ್‌ರೈಟರ್ ನೋಡ್ಲಿಕ್ಕೂ ಹೊಲಿಗಿ ಮಷೀನಿನಂಗೇ ಇತ್ತು. ಮೈಮ್ಯಾಲೆ ಹೂವಿನ ಚಿತ್ರ, ಕೆಳಗ ಕಬ್ಬಿಣದ ಸ್ಟ್ಯಾಂಡು, ಸಾಲು ಮುಗದಮ್ಯಾಲೆ ಹಿಂದ ತರಲಿಕ್ಕೆ ಕಾಲಿಲೆ ತುಳಿಯೂ ಪೆಡಲು! ಆಮ್ಯಾಲೆ ಆಫೀಸಿನಾಗ ಅದನ್ನ ಬಡದವರು ಬಹಳ ಮಾಡಿ ಹೆಣ್ಣುಮಕ್ಕಳೇ. ಸಾಹೇಬರು ಹೇಳೋದು, ಇವರು ಬಡಿಯೂದು. ಸಾಹೇಬರು ಒಂದು ಶಬ್ದ ಬದಲಿ ಮಾಡಿದ್ರ ಪೂರಾ ಪಾನು ಮತ್ತ ಬಡಿಯೂದು.

ಆ ಕಷ್ಟ ತಗೀಲಿಕ್ಕೆ 1964ರಾಗ ಐ.ಬಿ.ಎಂ. ಕಂಪನಿ ಒಂದು ಟೈಪ್‌ರೈಟರ್ ತಂತು. ಬಡದದ್ದು ಮ್ಯಾಗ್ನೆಟಿಕ್ ಟೇಪಿನ ಮ್ಯಾಲೆ ಉಳೀತಿತ್ತು, ತಪ್ಪಿದ್ದಷ್ಟನ್ನೇ ತಿದ್ದಿದ್ರ ಉಳದದ್ದು ತಾನೇ ಬಡ್ಕೋತಿತ್ತು. ಅದಕ್ಕಿಂತ ಮುಂದ ಹೋದಾಕಿ ಒಬ್ಬ ಹೆಣ್ಣುಮಗಳು. ಎವೆಲಿನ್ ಬೆರೆಜಿನ್ ಅಂತ, ನ್ಯೂಯಾರ್ಕಿನಾಕಿ, ಫಿಸಿಕ್ಸ್ ಓದಿದಾಕಿ. ವಿಮಾನದ ಟಿಕೀಟು ಕಾಯ್ದಿರಿಸೋ ಕಂಪ್ಯೂಟರ್ ವ್ಯವಸ್ಥಾನೂ ಆಕಿ ಮೊದಲು ಮಾಡಿದ್ಲು. 1969ರಾಗ ತನ್ನದೇ ರೆಡಾಕ್ಟ್ರಾನ್ ಅಂತ ಕಂಪನಿ ತಗದು, 1971ರಾಗ "ಡೇಟಾ ಸೆಕ್ರೆಟರಿ" ಅನ್ನೋ ಯಂತ್ರ ಮಾರಾಟಕ್ಕ ಇಟ್ಲು. ಸಣ್ಣ ಫ್ರಿಜ್ಜಿನಷ್ಟು ದೊಡ್ಡದು, ಪರದೆ ಅನ್ನೋದು ಇಲ್ಲ, ಆದ್ರ ಒಳಗ ಚಿಪ್ಪು ಇದ್ದು. ಬರದದ್ದನ್ನ ಅಳಸೋದು, ತಿದ್ದೋದು, ನಡಕ ಸೇರಸೋದು ಎಲ್ಲಾ ಆಗ್ತಿತ್ತು. 2018ರಾಗ ತನ್ನ 93ನೇ ವಯಸ್ಸಿಗೆ ತೀರಿಕೊಂಡ್ಲು. ಬಡಿಯೂ ಕೈಗಳ ಕಷ್ಟ ಕಮ್ಮಿ ಮಾಡ್ಲಿಕ್ಕೇ ಹುಟ್ಟಿದ ಯಂತ್ರದ ಮುಂದ ಇವತ್ತು ಆ ಕೈಗಳೇ ಅಂಜಿ ಕೂಡೋದು ಅಂದ್ರ ಏನು ಹೇಳ್ರಿ!

ಇನ್ನೊಂದು ಮಾತು. ಎಪ್ಪತ್ತರ ದಶಕದ ಕೊನಿಗೆ ವರ್ಡ್‌ಸ್ಟಾರ್ ಅಂತ ಒಂದು ಬಂತು, ರಾಬ್ ಬಾರ್ನಬಿ ಅನ್ನೋರು ಬರದದ್ದು. ಆಗಿನ ಎಷ್ಟೋ ಕೀಬೋರ್ಡಿಗೆ ಬಾಣದ ಗುರುತಿನ ಕೀಲಿ ಇದ್ದಿದ್ದಿಲ್ಲ. ಅದಕ್ಕ ಕಂಟ್ರೋಲ್ ಒತ್ತಿ ಇ ಅಂದ್ರ ಮ್ಯಾಲೆ, ಎಕ್ಸ್ ಅಂದ್ರ ಕೆಳಗ, ಎಸ್ ಎಡಕ್ಕ, ಡಿ ಬಲಕ್ಕ ಅಂತ ಇಟ್ರು. ಕೀಬೋರ್ಡ್ ನೋಡ್ರಿ, ನಾಕೂ ಎಡಗೈ ಬಟ್ಟಿನ ಬುಡದಾಗೇ ಅವ. ಕೈ ಎತ್ತೂ ಹಂಗೇ ಇಲ್ಲ. ಒಗ್ಗರಣಿ ಹಾಕೋ ಮುಂದ ಸಾಸಿವಿ ಡಬ್ಬಿ ಕೈಗೆ ಸಿಗೋ ಹಂಗ ಇಟ್ಟಂಗ ಆತು. ನಮ್ಮ ಕೆ.ಪಿ. ರಾವ್ ಅವರು ಕನ್ನಡಕ್ಕ ಮಾಡಿದ್ದೂ ಇಂಥಾದ್ದೇ. ಕೆ ಒತ್ತಿದ್ರ ಕ, ಜಿ ಒತ್ತಿದ್ರ ಗ, ದನಿಗೆ ದನಿ ಹೊಂದಿಸಿ ಇಟ್ರು. ಇಂಗ್ಲಿಷ್ ಟೈಪಿಂಗ್ ಕಲತ ನನ್ನಂಥಾಕಿಗೆ ಎರಡು ವಾರದಾಗ ಕೈ ಕುಂತು ಬಿಡ್ತು.

ಹಂಗಂದ್ರ ಜೋಡಿಸ್ಕೊಳ್ಳೂದು ಮೊದಲಿಂದಲೂ ಇದ್ದದ್ದೇ. ನಾ ಲಿಬ್ರೆ ಆಫೀಸಿನ ರೈಟರ್‌ನ್ಯಾಗ ಮಾಡಿಕೊಂಡದ್ದು ಹೇಳ್ತೀನಿ, ವರ್ಡ್‌ನ್ಯಾಗೂ ಸ್ವಲ್ಪ ಹೆಚ್ಚು ಕಮ್ಮಿ ಹಿಂಗೇ ಅದ.

ಮೊದಲನೇದು, ಬರಿಯೂ ಮುಂದ ಗೆರಿ ಬಂದ್ ಮಾಡ್ರಿ. ಶಿಫ್ಟ್ ಒತ್ತಿ ಎಫ್ 7 ಒತ್ತಿದ್ರ ಗೆರಿ ಹೋಗ್ತಾವ, ಮತ್ತ ಒತ್ತಿದ್ರ ಬರ್ತಾವ. ಮಾತು ಹರೀಲಿಕ್ಕೆ ಬಿಡ್ರಿ. ತಿದ್ದೋದು ಆಮ್ಯಾಲೆ.

ಎರಡನೇದು, ಗೆರಿ ಬಂದ ಶಬ್ದ ನಿಮ್ಮ ಮನಿ ಮಾತೇ ಆಗಿದ್ರ ಅದರ ಮ್ಯಾಲೆ ಮೌಸಿನ ಬಲಗಡೆ ಗುಂಡಿ ಒತ್ರಿ. "ಆಡ್ ಟು ಡಿಕ್ಷನರಿ" ಅಂತ ಬರ್ತದ. ಅದನ್ನ ಒತ್ತಿದ್ರ ಆ ಶಬ್ದ ಪಟ್ಟಿಗೆ ಸೇರ್ತದ, ಇನ್ನ ಆ ಕಂಪ್ಯೂಟರಿನಾಗ ಅದಕ್ಕ ಗೆರಿ ಬರೂದಿಲ್ಲ. ಖರೇನೇ ತಪ್ಪಿದ್ದನ್ನ ಮಾತ್ರ ಸೇರಸಬ್ಯಾಡ್ರಿ ಮತ್ತ, ಆ ತಪ್ಪೂ ಅಲ್ಲೇ ಖಾಯಂ ಕೂಡ್ತದ.

ಮೂರನೇದು, ಟೂಲ್ಸ್ ಒಳಗ ಆಟೋಕರೆಕ್ಟ್ ಅಂತ ಅದ. ಮಂದಿ ಅದು ತಪ್ಪು ತಿದ್ಲಿಕ್ಕೆ ಅಂತ ತಿಳದಾರ. ನಾ ಅದನ್ನ ಗಂಟು ಬಿಚ್ಚಲಿಕ್ಕೆ ಇಟ್ಟೀನಿ. "ಹೋಬೇ" ಅಂತ ಬರದು ಸ್ಪೇಸ್ ಹೊಡದ್ರ "ಹೋಳಗಿಗೆ ಬೇಕಾದ ಸಾಮಾನು" ಅಂತ ಪೂರಾ ಬರ್ತದ. ಅಲ್ಲೆ ಮ್ಯಾಲೆ ಭಾಷಾ ಕೇಳೋ ಕಡೆ "ಆಲ್" ಅಂತ ಆರಿಸ್ಕೋರಿ.

ನಾಕನೇದು, ದಿನಾ ಬೇಕಾಗೋ ಗುಂಡಿ ಅಷ್ಟೇ ಇಟ್ಕೊಂಡು ಉಳದದ್ದು ಮುಚ್ಚಿಡ್ರಿ. ಟೂಲ್ಸ್ ಒಳಗ ಕಸ್ಟಮೈಸ್ ಅಂತ ಅದ. ನನ್ನ ಸಾಲಿನಾಗ ಎಂಟು ಗುಂಡಿ ಅವ. ವೈನಿ ಪರದಿ ನೋಡಿದ್ರ ಸಂತಿ ನೋಡಿದಂಗ ಆಗ್ತಿತ್ತು.

ನನ್ನ ಮಗನ ತಕರಾರು ಒಂದದ, ಅದೂ ಹೇಳಬೇಕು. "ಎಲ್ಲಾ ನಿನಗ ಬೇಕಾದಂಗ ಮಾಡ್ಕೊಂಡ್ರ ಬ್ಯಾರೆ ಕಂಪ್ಯೂಟರ್ ಮುಂದ ಕುಂತಾಗ ಪರದಾಡ್ತಿ ನೋಡಮ್ಮಾ" ಅಂತಾನ. ಆ ಮಾತಿನಾಗ ಖರೆ ಅದ. ನನಗೇ ಒಮ್ಮೆ ಬಿಸಿ ಮುಟ್ಟೇದ. ಮೈದುನನ ಮಗಳ ಮುಂಜಾನಿ ಹಾಡು, ಆರತಿ ಹಾಡು ಎಲ್ಲಾ ಒಂದು ಚಂದನ ಹಳೇ ಫಾಂಟಿನಾಗ ಹೊಡದು ಪ್ರಿಂಟಿಗೆ ಒಯ್ದೆ. ಅಂಗಡಿಯವರ ಕಂಪ್ಯೂಟರಿನಾಗ ಆ ಫಾಂಟ್ ಇದ್ದಿದ್ದಿಲ್ಲ, ಹಾಡೆಲ್ಲಾ ಇಂಗ್ಲಿಷ್ ಅಕ್ಷರದ ಕಿಚಡಿ ಆಗಿ ಬಂತು. ಅವತ್ತಿಂದ ಯುನಿಕೋಡ್ ಬಿಟ್ಟು ಬ್ಯಾರೇದರಾಗ ಒಂದಕ್ಷರ ಬರದಿಲ್ಲ. ಅಂದ್ರ, ಗುಂಡಿ ಎಲ್ಲಿರಬೇಕು, ಶಬ್ದ ಯಾವವು ಅನ್ನೋದು ನಮ್ಮ ಇಷ್ಟದ್ದು. ಬರದದ್ದು ಮಂದಿ ಮನ್ಯಾಗೂ ಓದ್ಲಿಕ್ಕೆ ಬರಬೇಕು, ಅದು ಊರ ಪದ್ಧತಿ ಪ್ರಕಾರನೇ ಇರ್ಲಿ. ಮತ್ತ ನಾವು ಸೇರಿಸಿದ ಶಬ್ದದ ಪಟ್ಟಿ ಒಂದು ಸಣ್ಣ ಫೈಲು. ಪೆನ್ ಡ್ರೈವಿನಾಗ ಹಾಕಿ ಬ್ಯಾರೆ ಕಂಪ್ಯೂಟರಿಗೂ ಒಯ್ಲಿಕ್ಕೆ ಬರ್ತದ. ಮಗನ ಕಡೆಯಿಂದ ನಾ ಅದನ್ನೇ ಮಾಡಿಸ್ಕೊಂಡೀನಿ.

ರವಿವಾರ ವೈನಿ ಮನಿಗೆ ಹೋಗಿದ್ದೆ. ಚಹಾ ಕುಡದು ಇಬ್ಬರೂ ಲ್ಯಾಪ್‌ಟಾಪ್ ಮುಂದ ಕುಂತ್ವಿ. ಅಡಗಿಮನಿ, ಹೋಳಗಿ, ಸಾಸಿವಿ, ಮನ್ಯಾಗ ಅಂತ ಒಂದೊಂದೇ ಶಬ್ದ ಪಟ್ಟಿಗೆ ಸೇರಿಸಿದ್ವಿ. ಎರಡು ತಾಸಿನಾಗ ನಲವತ್ತು ಶಬ್ದ ಆದ್ವು. ಒಂದೊಂದು ಗೆರಿ ಹೋದಂಗೂ ವೈನಿ "ಹ್ಞಾಂ, ಈಗ ಗೊತ್ತಾತೇನು?" ಅಂತ ಅದಕ್ಕೇ ಬೈತಿದ್ರು. ಕಡೀಕ "ಮೃದುವಾಗಿರಬೇಕು" ಅನ್ನೋದನ್ನ ಅಳಿಸಿ, ಅವ್ವ ಅಂದದ್ದನ್ನ ಅಂದಂಗೇ ಕಿವಿ ಹಾಲಿ ಸಮೇತ ಬರದ್ರು.

ನಿಮ್ಮ ಮನ್ಯಾಗೂ ಹಿಂಗ ಅರ್ಧಕ್ಕ ನಿಂತ ಬರವಣಿಗಿ ಇದ್ರ ಮತ್ತ ತಗೀರಿ. ತಿದ್ದಿ ಬಿಟ್ಟ ಶಬ್ದ ವಾಪಸ್ ಹಾಕ್ರಿ. ನಮ್ಮ ಕಡೆ ಶಬ್ದ ನಿಮಗ ನೆನಪಾದಷ್ಟು ನನಗೂ ಕಳಿಸ್ರಿ, ಪಟ್ಟಿಗೆ ಸೇರಿಸಿ ಎಲ್ಲಾರಿಗೂ ಆ ಫೈಲು ಹಂಚ್ತೀನಿ. ಬರೋ ವಾರ ವೈನಿ ಮಾಡೋ ಅವ್ವನ ಮಾವಿನಕಾಯಿ ಉಪ್ಪಿನಕಾಯಿ ಲೆಕ್ಕ ಹಾಕ್ತೀನಿ, ಅಳತಿ ಎಲ್ಲಾ ಹಳೇ ಸೇರು ಪಾವಿನಾಗೇ ಇರ್ತಾವ, ಅದಕ್ಕೂ ಗೆರಿ ಬಿದ್ರ ಬೀಳ್ಲಿ.