ಕಾರ್ಖಾನೆಯ ಮನೆ, ಖರೀದಿದಾರನ ಹಣ

1968ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ವಿಶ್ವಮೇಳಕ್ಕೆಂದು ಹಿಲ್ಟನ್ ಹೋಟೆಲೊಂದು ಎದ್ದಿತು. ಅದರ 496 ಕೊಠಡಿಗಳನ್ನು ಬೇರೆಡೆ ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಪೀಠೋಪಕರಣಗಳ ಸಮೇತ ತಂದು, 46 ದಿನಗಳಲ್ಲಿ ಕ್ರೇನ್‌ನಿಂದ ಪೇರಿಸಲಾಯಿತು. ಹೋಟೆಲಿಗೆ ಈ ವಿಧಾನ ಒಗ್ಗುವುದು ಸಹಜ. ಕೊಠಡಿಗಳೆಲ್ಲ ಒಂದೇ ಅಚ್ಚು; ಆರು ತಿಂಗಳು ಮೊದಲೇ ಬಾಗಿಲು ತೆರೆದರೆ ಅಷ್ಟು ಕಾಲದ ಬಾಡಿಗೆ ಗಳಿಕೆ, ಬಡ್ಡಿ ಉಳಿತಾಯ.

ವಸತಿ ಸಮುಚ್ಚಯಗಳ ಕಥೆ ಇಷ್ಟು ಸರಳವಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 32 ಅಂತಸ್ತುಗಳ ಕಟ್ಟಡವೊಂದನ್ನು ಸುಮಾರು 930 ಉಕ್ಕಿನ ಘಟಕಗಳಿಂದ ಜೋಡಿಸಲು 2012ರ ಕೊನೆಯಲ್ಲಿ ಆರಂಭಿಸಿದರು. ಎರಡು ವರ್ಷಗಳ ಕೆಲಸವೆಂಬ ಅಂದಾಜಿತ್ತು. 2014ರಲ್ಲಿ ಮಾಲೀಕ ಸಂಸ್ಥೆಗೂ ಗುತ್ತಿಗೆದಾರರಿಗೂ ವ್ಯಾಜ್ಯ ಹುಟ್ಟಿ ಕೆಲಸ ನಿಂತಿತು. ಕಟ್ಟಡ ಮುಗಿದದ್ದು 2016ರಲ್ಲಿ. ಇಟ್ಟಿಗೆಯ ಕಟ್ಟಡವಾದರೆ ಒಬ್ಬ ಮೇಸ್ತ್ರಿ ಬಿಟ್ಟ ಗೋಡೆಯನ್ನು ಇನ್ನೊಬ್ಬ ಮುಂದುವರಿಸಬಲ್ಲ. ಅಚ್ಚು ಒಂದೇ ಕಾರ್ಖಾನೆಯದಾದಾಗ ಆ ಅನುಕೂಲವಿಲ್ಲ. ಬೇಡಿಕೆ ಕುಗ್ಗಿದಾಗ ಮೇಸ್ತ್ರಿಗೆ ಕೆಲಸವಿಲ್ಲವೆಂದು ಹೇಳಿ ಕಳುಹಿಸುತ್ತಾರೆ (ನ್ಯಾಯವಲ್ಲ, ಆದರೆ ನಡೆದುಬಂದಿದೆ). ಕಾರ್ಖಾನೆಯ ಸಾಲಕ್ಕೆ ಹಾಗೆ ಹೇಳಲಾಗದು. 2015ರಲ್ಲಿ ಹುಟ್ಟಿ ಭಾರಿ ಬಂಡವಾಳ ಸೆಳೆದ ಅಮೆರಿಕದ ಕಟೆರಾ ಸಂಸ್ಥೆ 2021ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ನಮ್ಮಲ್ಲಿ ರಾಂಚಿಯ ಲೈಟ್ ಹೌಸ್ ಯೋಜನೆಯಲ್ಲಿ ಈ ತಂತ್ರವನ್ನು ಪ್ರಯೋಗಿಸಲಾಗಿದೆ. ಅದು ಸರ್ಕಾರದ ಯೋಜನೆ. ನನ್ನ ಕಳವಳ ಬೆಂಗಳೂರಿನಲ್ಲಿ ಸಾಲ ಮಾಡಿ ಮುಂಗಡ ಕಟ್ಟುವ ಖರೀದಿದಾರನದು. 2016ರ ರೇರಾ ಕಾಯ್ದೆಯಂತೆ ಅವನ ಹಣದ ಶೇ 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ಕಾಮಗಾರಿ ಎಷ್ಟು ಮುಗಿದಿದೆಯೆಂದು ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರು ದೃಢೀಕರಿಸಿದಷ್ಟೇ ಅದನ್ನು ತೆಗೆಯಬಹುದು. ಆದರೆ ಇನ್ನೂರು ಕಿಲೋಮೀಟರ್ ದೂರದ ಕಾರ್ಖಾನೆಯಲ್ಲಿ ಸಿದ್ಧವಾಗಿ ನಿಂತ ಅಡುಗೆಮನೆ ‘ಮುಗಿದ ಕಾಮಗಾರಿ’ಯೇ? ಅಲ್ಲವೆಂದರೆ ನಿರ್ಮಾಪಕ ಹೆಚ್ಚಿನ ಬಡ್ಡಿಗೆ ಹಣ ತರಬೇಕು, ಉಳಿತಾಯವೆಲ್ಲ ಅಲ್ಲಿಗೇ ಕರಗುತ್ತದೆ. ಹೌದೆಂದರೆ ಅಪಾಯ ಖರೀದಿದಾರನದು.

ಸೇವೆಯಲ್ಲಿದ್ದಾಗ ನಾನೊಮ್ಮೆ ಗುತ್ತಿಗೆದಾರನ ಅಂಗಳದಲ್ಲಿದ್ದ ಸಿದ್ಧ ತೊಲೆಗಳ ಮೇಲೆ ಮುಂಗಡ ಮಂಜೂರು ಮಾಡಿದ್ದೆ. ಮೂರೇ ತಿಂಗಳಲ್ಲಿ ಆತ ದಿವಾಳಿಯಾದ. ಅಂಗಳಕ್ಕೆ ಬ್ಯಾಂಕು ಬೀಗ ಜಡಿಯಿತು. ತೊಲೆಗಳು ಯಾರವೆಂಬುದು ತೀರ್ಮಾನವಾಗುವ ಮೊದಲೇ ನನಗೆ ವರ್ಗಾವಣೆಯಾಯಿತು. ಅಳತೆ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು.

ಆದುದರಿಂದ ಕರ್ನಾಟಕದ ರೇರಾ ಪ್ರಾಧಿಕಾರ ಮೊದಲೇ ನಿಯಮ ರೂಪಿಸಲಿ. ಪ್ರತಿ ಘಟಕಕ್ಕೂ ಸಂಖ್ಯೆ ಇರಲಿ, ಕಾರ್ಖಾನೆಯಲ್ಲೇ ತಪಾಸಣೆ ನಡೆಯಲಿ, ವಿಮೆಯಿರಲಿ. ಒಡೆತನ ಲಿಖಿತವಾಗಿ ಯೋಜನೆಗೆ ವರ್ಗವಾಗುವವರೆಗೆ, ಆ ಘಟಕದ ಹೆಸರಿನಲ್ಲಿ ಖಾತೆಯಿಂದ ಒಂದು ರೂಪಾಯಿಯೂ ಹೊರಹೋಗಕೂಡದು.