ಒಕ್ಕಣೆಯ ದೋಷಕ್ಕೆ ದಂಡ ತೆರುವವರಾರು?

ಅರ್ಥವಾಗದ ಅರ್ಜಿಯ ಮೇಲೆ ಯಾವ ನ್ಯಾಯಸ್ಥಾನವೂ ತೀರ್ಪು ಕೊಡಲಾರದೆಂಬುದು ನಿರ್ವಿವಾದ. ಆದರೆ ಅಂತಹ ಅರ್ಜಿಯನ್ನು ಪರಿಹಾಸಮಾಡಿ ತಳ್ಳಿಹಾಕುವುದೇ ನ್ಯಾಯವೆಂದು ಕೊಂಡಾಡುವವರ ಮತವು ಒಪ್ಪತಕ್ಕದ್ದಲ್ಲ.

ಅಮೇರಿಕದ ಟೆಕ್ಸಾಸ್ ಸಂಸ್ಥಾನದ ಪಶ್ಚಿಮ ವಿಭಾಗದ ದಿವಾಳಿ ನ್ಯಾಯಾಲಯದಲ್ಲಿ, 2006ನೆಯ ಇಸವಿ ಫೆಬ್ರವರಿಯಲ್ಲಿ, ನ್ಯಾಯಾಧೀಶ ಲೀಫ್ ಕ್ಲಾರ್ಕರ ಮುಂದೆ ಪ್ರತಿವಾದಿಯ ಅರ್ಜಿಯೊಂದು ಬಂದಿತು. ಉತ್ತರಕ್ಕೆ ಉತ್ತರ, ಆ ಉತ್ತರಕ್ಕೆ ಪ್ರತ್ಯುತ್ತರ ಎಂದು ಅದರ ಶಿರೋನಾಮೆಯೇ ಸಿಕ್ಕುಸಿಕ್ಕಾಗಿದ್ದಿತು. ವಾದದ ತಿರುಳೇನು, ಬೇಡುವ ಪರಿಹಾರವೇನು ಎಂಬುದೇ ತಿಳಿಯದೆಂದು ಹೇಳಿ, ಅರ್ಥವಾಗದಿರುವುದೆಂಬ ಕಾರಣಕ್ಕಾಗಿಯೇ ನ್ಯಾಯಾಧೀಶರು ಅದನ್ನು ತಿರಸ್ಕರಿಸಿದರು. ಅಷ್ಟಕ್ಕೇ ನಿಲ್ಲದೆ, ಅಸಂಬದ್ಧವಾಗಿ ಮಾತಾಡಿದವನನ್ನು ಮೂದಲಿಸುವ ನುಡಿಗಳನ್ನು 1995ರ ಹಾಸ್ಯಚಿತ್ರವೊಂದರಿಂದೆತ್ತಿ ಅಡಿಟಿಪ್ಪಣಿಯಲ್ಲಿ ಸೇರಿಸಿದರು. ಓದಿದವರೆಲ್ಲ ನಕ್ಕರು.

ನಗುವವರು ಒಂದನ್ನು ಮರೆತಿರುವರು. ದಿವಾಳಿಯ ವ್ಯಾಜ್ಯದಲ್ಲಿ ಋಣವಿಮೋಚನೆಯೆಂಬುದು ಪಾಂಡಿತ್ಯದ ಪಂದ್ಯವಲ್ಲ. ಕೈಸೋತವನು ಮರಳಿ ಬಾಳುವೆ ಹೂಡಬಹುದೇ ಎಂಬ ಪ್ರಶ್ನೆ. ಒಕ್ಕಣೆ ಯಾರದಾದರೂ ಅದರ ದಂಡ ಬೀಳುವುದು ಕಕ್ಷಿಗಾರನ ತಲೆಯ ಮೇಲೆ. ಸಾಲ ಕೊಟ್ಟವನಿಗೂ ಹಕ್ಕುಂಟಷ್ಟೆ, ಕಾಲಹರಣದಿಂದ ಅವನಿಗೆ ನಷ್ಟವಲ್ಲವೇ ಎಂದು ಆಕ್ಷೇಪಿಸಬಹುದು. ದಿಟ, ಅದಕ್ಕೆ ಗಡುವು ಹಾಕಿದರೆ ಸಾಕು, ಗೇಲಿ ಬೇಕಾಗಿಲ್ಲ.

ಈ ವಿಷಯದಲ್ಲಿ ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಹೆಚ್ಚಿನ ವಿವೇಕವನ್ನು ತೋರಿದೆ. ಅದರ 41ನೆಯ ಆದೇಶವು, ಮೇಲ್ಮನವಿಯ ಆಧಾರಗಳನ್ನು ವಾದವಾಗಲಿ ಕಥನವಾಗಲಿ ಇಲ್ಲದೆ, ಸಂಕ್ಷೇಪವಾಗಿ, ಬೇರೆಬೇರೆ ಅಂಕಗಳಲ್ಲಿ ಬರೆಯತಕ್ಕದ್ದೆಂದು ವಿಧಿಸುತ್ತದೆ. ಹಾಗಿಲ್ಲದ ಮನವಿಯನ್ನು ನ್ಯಾಯಾಲಯವು ತಿರಸ್ಕರಿಸಬಹುದು. ಇಲ್ಲವೆ ಗೊತ್ತುಪಡಿಸಿದ ಅವಧಿಯೊಳಗೆ ತಿದ್ದಿ ತರಲು ಹಿಂದಿರುಗಿಸಬಹುದು. ಮೊದಲ ತಪ್ಪಿಗೆ ಈ ಎರಡನೆಯ ದಾರಿಯೇ ಧರ್ಮಸಮ್ಮತವಾದುದು. ತಿದ್ದಲು ಅವಕಾಶವಿತ್ತ ಮೇಲೂ ತಿದ್ದದವನ ಮನವಿಯನ್ನು ವಜಾಮಾಡಿದರೆ ಯಾರೂ ದೂರಲಾರರು.

ತೊಡಕಿನ ಬರೆವಣಿಗೆ ಅರ್ಜಿದಾರರ ಸೊತ್ತೇನೂ ಅಲ್ಲ. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದ ತೀರ್ಪೊಂದು ಓದಿದರೆ ಅರ್ಥವೇ ಆಗದಂತಿದ್ದುದರಿಂದ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ ಮರಳಿ ಅಲ್ಲಿಗೇ ಕಳುಹಿಸಿತು. ಬರೆದ ನ್ಯಾಯಾಧೀಶರಿಗೆ ಅದರಿಂದ ಮನೆಯೂ ಹೋಗಲಿಲ್ಲ, ಮಾರೂ ಹೋಗಲಿಲ್ಲ. ಪೀಠದ ಮೇಲಿರುವವರ ತೊಡಕಿಗೆ ತಿದ್ದುಪಡಿ, ಕಟಕಟೆಯಲ್ಲಿ ನಿಂತ ದಿವಾಳಿಗನ ತೊಡಕಿಗೆ ನಗೆಪಾಟಲು! ಈ ಪಂಕ್ತಿಭೇದವು ನ್ಯಾಯದೇವತೆಯ ಮಂದಿರಕ್ಕೆ ಶೋಭಿಸುವುದಿಲ್ಲ.