ಸೇರಿದರೆ ಸಾಲದು, ನಿಶ್ಚಯಿಸಬೇಕು

ಜನ ಒಂದೆಡೆ ಸೇರುವುದು ಒಳ್ಳೆಯದು. ಸೇರಿದವರು ಮುಂದೇನು ಮಾಡಬೇಕೆಂದು ನಿಶ್ಚಯಿಸಿಕೊಂಡು ಊರಿಗೆ ಹಿಂದಿರುಗುವುದು ಇನ್ನೂ ಒಳ್ಳೆಯದು. ಜಾಗತೀಕರಣಕ್ಕೆ ಎದುರಾಗಿ ನಡೆದಿರುವ ದೊಡ್ಡ ದೊಡ್ಡ ಸಮ್ಮೇಳನಗಳನ್ನು ಈ ಮಾತಿನಿಂದ ಅಳೆದು ನೋಡುವ ಕಾಲ ಬಂದಿದೆ.

ಸ್ವಿಟ್ಸರ್ಲೆಂಡಿನ ದಾವೋಸ್ ಎಂಬ ಬೆಟ್ಟದೂರಿನಲ್ಲಿ ಸಾಮಾನ್ಯವಾಗಿ ಪ್ರತಿ ಜನವರಿಯಲ್ಲೂ ವಿಶ್ವ ಆರ್ಥಿಕ ವೇದಿಕೆ ಸೇರುತ್ತದೆ. 1971ರಿಂದ ನಡೆದುಬಂದ ಪದ್ಧತಿಯಿದು. ಕಂಪನಿಗಳ ಒಡೆಯರು, ಬ್ಯಾಂಕುಗಳ ಮುಖ್ಯಸ್ಥರು, ನಾನಾ ದೇಶಗಳ ಮಂತ್ರಿಗಳು ಅಲ್ಲಿ ಕಲೆಯುತ್ತಾರೆ. ಇದಕ್ಕೆ ಉತ್ತರವಾಗಿ 2001ರ ಜನವರಿಯಲ್ಲಿ, ದಾವೋಸ್ ಸಭೆಯ ದಿನಗಳಲ್ಲೇ, ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ ವಿಶ್ವ ಸಾಮಾಜಿಕ ವೇದಿಕೆ ಸೇರಿತು. ಕಾರ್ಮಿಕ ಸಂಘಗಳು, ರೈತರು, ಮಹಿಳೆಯರು, ಮೂಲನಿವಾಸಿಗಳು ಬಂದರು. ‘ಮತ್ತೊಂದು ಜಗತ್ತು ಸಾಧ್ಯ’ ಎಂಬುದು ಅವರ ಘೋಷಣೆ.

ಈ ವೇದಿಕೆ 2004ರ ಜನವರಿ 16ರಿಂದ 21ರವರೆಗೆ ನಮ್ಮ ದೇಶಕ್ಕೇ ಬಂದಿತು. ಮುಂಬಯಿಯ ಗೋರೆಗಾಂವ್‌ನಲ್ಲಿ ಲಕ್ಷಕ್ಕೂ ಮೀರಿ ಜನ ನೆರೆದರು. ದಲಿತರು ತಮಟೆ ಬಾರಿಸುತ್ತಾ ಬಂದರು. ಆದಿವಾಸಿಗಳು, ಮೀನುಗಾರರು, ಬೀಡಿ ಕಟ್ಟುವ ಹೆಂಗಸರು ತಮ್ಮ ಕಷ್ಟವನ್ನು ತಮ್ಮ ಬಾಯಿಂದಲೇ ಹೇಳಿದರು. ವ್ಯವಸ್ಥಾಪಕರು ಅಮೆರಿಕದ ಫೋರ್ಡ್ ಪ್ರತಿಷ್ಠಾನದ ಹಣ ಬೇಡವೆಂದರು. ಇದು ಮೆಚ್ಚತಕ್ಕ ಮಾತು. ಯಾರ ಉಪ್ಪು ತಿನ್ನುತ್ತೇವೆ ಎಂಬುದನ್ನು ಚಳವಳಿಗಾರನು ಮೊದಲು ನೋಡಿಕೊಳ್ಳಬೇಕು.

ಆದರೆ ಆ ವೇದಿಕೆಯ ಸಂಹಿತೆಯಲ್ಲಿ ಎರಡು ನಿಯಮಗಳಿವೆ. ಒಂದು, ರಾಜಕೀಯ ಪಕ್ಷಗಳು ಪಕ್ಷಗಳಾಗಿ ಭಾಗವಹಿಸಕೂಡದು. ಎರಡು, ವೇದಿಕೆಯು ತನ್ನ ಹೆಸರಿನಲ್ಲಿ ಯಾವ ನಿರ್ಣಯವನ್ನೂ ಮಾಡಕೂಡದು. ಇದನ್ನು ಸಮರ್ಥಿಸುವವರು ಹೇಳುವುದಿಷ್ಟು: ಬಗೆಬಗೆಯ ಜನ ಕೂಡುವ ಕಡೆ ನಿರ್ಣಯಕ್ಕೆ ಕೈಹಾಕಿದರೆ ಜಗಳವಾಗುತ್ತದೆ, ಬಲಿಷ್ಠ ಪಕ್ಷ ಉಳಿದವರನ್ನು ನುಂಗುತ್ತದೆ; ದಾವೋಸ್ ಕೂಡ ನಿರ್ಣಯ ಅಂಗೀಕರಿಸುವುದಿಲ್ಲವಲ್ಲ!

ಮೊದಲ ಮಾತಿನಲ್ಲಿ ಸತ್ಯವಿದೆ. ಕಾರ್ಮಿಕ ಸಂಘಗಳನ್ನು ಒಡೆದ ಪಕ್ಷಗಳನ್ನು ನಾವೂ ಕಂಡಿದ್ದೇವೆ. ಆದರೆ ಎರಡನೆಯ ಮಾತು ಮೋಸಗೊಳಿಸುವಂಥದು. ದಾವೋಸಿಗೆ ನಿರ್ಣಯವೇಕೆ ಬೇಕು? ಅಲ್ಲಿ ಕುಳಿತವರ ಜೇಬಿನಲ್ಲೇ ಬೀಗದಕೈಗಳಿವೆ. ಮಂತ್ರಿ ಹಿಂದಿರುಗಿ ಕಡತಕ್ಕೆ ರುಜು ಹಾಕುತ್ತಾನೆ, ಒಡೆಯ ಹಿಂದಿರುಗಿ ಕಾರ್ಖಾನೆಗೆ ಬೀಗ ಹಾಕುತ್ತಾನೆ. ನಮ್ಮವರು ಹಿಂದಿರುಗಿದರೆ ಕೈಯಲ್ಲಿರುವುದು ರೈಲಿನ ಟಿಕೆಟು ಮಾತ್ರ. ಅಧಿಕಾರವಿರುವವನಿಗೆ ಹರಟೆಯೂ ಕಾರ್ಯವಾಗುತ್ತದೆ. ಅಧಿಕಾರವಿಲ್ಲದವನಿಗೆ ಸಂಘಟನೆಯಿಲ್ಲದೆ ಗತಿಯಿಲ್ಲ.

2003ರ ಫೆಬ್ರವರಿ 15ನ್ನು ನೆನೆಯಿರಿ. ಇರಾಕ್ ಯುದ್ಧದ ವಿರುದ್ಧ ಆ ಒಂದು ದಿನ ಜಗತ್ತಿನ ನೂರಾರು ನಗರಗಳಲ್ಲಿ ಲಕ್ಷೋಪಲಕ್ಷ ಜನ ಬೀದಿಗಿಳಿದರು. ಆ ಕರೆ ಹರಡಿದ್ದು ಇಂಥ ವೇದಿಕೆಗಳ ಮೂಲಕವೇ. ಅದು ಸಣ್ಣ ಸಾಧನೆಯಲ್ಲ. ಆದರೆ ಮಾರ್ಚಿಯಲ್ಲಿ ಯುದ್ಧ ಆರಂಭವಾಗಿಯೇ ಹೋಯಿತು.

ಇನ್ನು ಪೋರ್ಟೊ ಅಲೆಗ್ರೆಯನ್ನೇ ನೋಡೋಣ. ಪಕ್ಷಗಳಿಗೆ ಬಾಗಿಲು ಮುಚ್ಚಿದ ಆ ವೇದಿಕೆಗೆ ಮನೆ ಕೊಟ್ಟದ್ದು ಯಾರು? ಅಲ್ಲಿನ ಕಾರ್ಮಿಕ ಪಕ್ಷದ ನಗರಸಭೆ! 1989ರಲ್ಲಿ ಅಧಿಕಾರಕ್ಕೆ ಬಂದ ಆ ಪಕ್ಷ ಒಂದು ಹೊಸ ಪದ್ಧತಿ ತಂದಿತು. ನಗರವನ್ನು 16 ಭಾಗಗಳಾಗಿ ಮಾಡಿ, ಭಾಗಭಾಗದಲ್ಲೂ ನಿವಾಸಿಗಳ ಸಭೆ ಕರೆದು, ಬಜೆಟ್ಟಿನ ಹಣದಲ್ಲಿ ಮೊದಲು ಚರಂಡಿಯೋ, ನೀರೋ, ರಸ್ತೆಯೋ ಎಂಬುದನ್ನು ಅವರಿಂದಲೇ ಹೇಳಿಸಿತು. ಜನರು ಆರಿಸಿದ ಪ್ರತಿನಿಧಿಗಳು ಲೆಕ್ಕದ ಮೇಲೆ ಕಣ್ಣಿಟ್ಟರು. ಕೊಳೆಗೇರಿಯ ಕೂಲಿಯವನೂ ಆ ಸಭೆಗಳಲ್ಲಿ ಕೈಯೆತ್ತಿದನು. ಪರ್ಯಾಯವೆಂದರೆ ಇದು. ಅದರ ಹಿಂದೆ ಜನರ ಸಭೆಯೂ ಇತ್ತು, ಚುನಾವಣೆ ಗೆದ್ದ ಸಂಘಟನೆಯೂ ಇತ್ತು. 2004ರ ಚುನಾವಣೆಯಲ್ಲಿ ಆ ಪಕ್ಷ ಆ ನಗರದಲ್ಲಿ ಸೋತಿತು. ಆ ಮೇಲೆ ಈ ಪದ್ಧತಿಯೂ ಸೊರಗಿತು. ಪಾಠ ಸ್ಪಷ್ಟವಾಗಿದೆ.

ವ್ಯಾಪಾರಿ ಬಂಧುಗಳಿಗೆ ತಮ್ಮ ಅನುಭವವೇ ಸಾಕ್ಷಿ. ಚಿಲ್ಲರೆ ವ್ಯಾಪಾರದ ಅಂಗಡಿಗಳಲ್ಲಿ ವಿದೇಶೀ ಬಂಡವಾಳಕ್ಕೆ ನೂರಕ್ಕೆ 51 ಪಾಲು ಬಿಡುವುದೆಂದು ಕೇಂದ್ರ ಸರಕಾರ 2011ರ ನವೆಂಬರಿನಲ್ಲಿ ತೀರ್ಮಾನಿಸಿತು. ವರ್ತಕರೂ ಪಕ್ಷಗಳೂ ಗದ್ದಲವೆಬ್ಬಿಸಿದ ಮೇಲೆ ಡಿಸೆಂಬರಿನಲ್ಲಿ ಅದನ್ನು ತಡೆಹಿಡಿಯಿತು. ಒತ್ತಡ ತಗ್ಗಿತು, 2012ರ ಸೆಪ್ಟೆಂಬರಿನಲ್ಲಿ ಅದೇ ತೀರ್ಮಾನ ಮತ್ತೆ ಬಂದಿತು. ಒಪ್ಪುವುದೂ ಬಿಡುವುದೂ ರಾಜ್ಯಗಳಿಗೆ ಬಿಟ್ಟದ್ದು ಎಂಬಷ್ಟೇ ಉಳಿದ ಲಾಭ. ಎದ್ದು ನಿಂತಾಗ ಗೆದ್ದೆವು, ಕುಳಿತಾಗ ಸೋತೆವು.

ಕನ್ನಡ ನಾಡಿಗೆ ಈ ಹೋರಾಟ ಹೊಸದಲ್ಲ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜದ ಕಂಪನಿಯ ಕಚೇರಿಗೆ ನುಗ್ಗಿದವರು ನಮ್ಮ ರೈತ ಸಂಘದವರು. ಲೋಹಿಯಾ ವಿಚಾರದಲ್ಲಿ ಪಳಗಿದ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರು ಹಸಿರು ಶಾಲಿನ ರೈತನನ್ನು ಜಗತ್ತಿನ ವ್ಯಾಪಾರದ ಪ್ರಶ್ನೆಗೆ ಎದುರು ನಿಲ್ಲಿಸಿದರು. 1999ರಲ್ಲಿ ನೂರಾರು ಭಾರತೀಯ ರೈತರು ಯೂರೋಪಿನ ನಗರಗಳಲ್ಲಿ ಮೆರವಣಿಗೆ ನಡೆಸಿದರು. ಪೋರ್ಟೊ ಅಲೆಗ್ರೆಯ ಸಭೆಗಿಂತ ಎರಡು ವರ್ಷ ಮುಂಚಿನ ಮಾತಿದು. ಅವರ ಎಲ್ಲ ಮಾರ್ಗವನ್ನೂ ಒಪ್ಪಬೇಕಾಗಿಲ್ಲ. ಆದರೆ ಹಳ್ಳಿಹಳ್ಳಿಯಲ್ಲಿ ಸಂಘ ಕಟ್ಟಿದ ಮೇಲೆಯೇ ಅವರು ಪರದೇಶದಲ್ಲಿ ಮಾತನಾಡಿದರು ಎಂಬುದನ್ನು ಮರೆಯಕೂಡದು.

2024ರ ಫೆಬ್ರವರಿಯಲ್ಲಿ ವಿಶ್ವ ಸಾಮಾಜಿಕ ವೇದಿಕೆ ನೇಪಾಳದ ಕಾಠ್ಮಂಡುವಿನಲ್ಲಿ ಸೇರಿತು. ಮುಂದೆಯೂ ಸೇರಲಿ. ನಮ್ಮ ಸಂಘಗಳೂ ಪ್ರತಿನಿಧಿಗಳನ್ನು ಕಳಿಸಲಿ. ಆದರೆ ಹೋದವರು ಹಿಂದಿರುಗಿ ಗಿರಣಿಯ ಬಾಗಿಲಲ್ಲಿ ವರದಿ ಒಪ್ಪಿಸಲಿ. ಮುಂದಿನ ಹೆಜ್ಜೆ ಯಾವುದೆಂದು ಸದಸ್ಯರು ಕೈಯೆತ್ತಿ ನಿಶ್ಚಯಿಸಲಿ.

3 ಲಕ್ಷವೋ ಅದಕ್ಕೂ ಹೆಚ್ಚೋ ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ 1993ರಿಂದಲೇ ಹೇಳುತ್ತಿದೆ. ಇದ್ದಲ್ಲಿ ಅವುಗಳೊಳಗೆ ಹೋಗಿ ಕುಳಿತುಕೊಳ್ಳಿ; ಇಲ್ಲದಲ್ಲಿ ಏಕಿಲ್ಲವೆಂದು ಕೇಳಿ. ಸಣ್ಣ ಊರಾದರೆ ಪುರಸಭೆಯ ಬಜೆಟ್ಟಿಗೆ ಮುಂಚೆ ಕಾರ್ಮಿಕರೂ ವರ್ತಕರೂ ಜೊತೆಯಾಗಿ ಸಭೆ ಸೇರಿ ತಮ್ಮ ಬೇಡಿಕೆ ಬರೆದು ಕೊಡಿ. ಮತ್ತೊಂದು ಜಗತ್ತು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ನಮ್ಮ ವಾರ್ಡಿನಿಂದಲೇ ಆರಂಭವಾಗಬೇಕು.